ಎದುರಿಗೆ ಬಂದು ಮಾತಾಡಿ
ದೊಡ್ಡಬಳ್ಳಾಪುರದ ಮಗ್ಗದ ಮನೆಗಳಿಗೆ ಒಂದು ಬಹಿರಂಗ ಪತ್ರ

ಮಗ್ಗದ ಮನೆಗಳ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಈ ಕಾಗದವನ್ನು ಕರೆಂಟು ಹೋದ ಹೊತ್ತಿನಲ್ಲಿ ಓದಿ. ನಮ್ಮ ಬೀದಿಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವುದು ಆಗ ಮಾತ್ರ. ನಾನು ಹುಡುಗನಾಗಿದ್ದಾಗ ಕರೆಂಟು ಹೋದರೆ ಮಗ್ಗಗಳೆಲ್ಲ ನಿಂತು ಇಡೀ ಬೀದಿ ಒಮ್ಮೆಗೇ ತಣ್ಣಗಾಗುತ್ತಿತ್ತು. ಪಕ್ಕದ ಮನೆಯ ಒಗ್ಗರಣೆ ಚಟಪಟ ಅನ್ನುವುದೂ, ಹಿತ್ತಲ ಕಾಗೆಯೂ, ಯಾರದೋ ಕೆಮ್ಮೂ ಕೇಳಿಸಿಬಿಡುತ್ತಿದ್ದವು. ನಮ್ಮಪ್ಪ ಮಾತ್ರ ಆ ಮೌನದಲ್ಲೂ ಕೂಗಿಯೇ ಮಾತಾಡುತ್ತಿದ್ದರು. ಅವರದು ಜೋರು ಬಾಯಿ ಅಂತಲೇ ನಾವೆಲ್ಲ ತಿಳಿದಿದ್ದೆವು.

ನಾನು ನಿಮ್ಮವನೇ. ಹತ್ತನೇ ವಯಸ್ಸಿಗೆ ಕಂಡಿಕೆ ಸುತ್ತಲು ಕೂತೆ, ಇಪ್ಪತ್ತಾರರವರೆಗೆ ಮಗ್ಗ ಓಡಿಸಿದೆ, ಆಮೇಲೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾದೆ. ಈಗ ನಿವೃತ್ತ. ಎರಡು ಕಿವಿಗೂ ಯಂತ್ರ ಹಾಕಿಕೊಂಡಿದ್ದೇನೆ. ಕಿವಿ ಹೋಗಿದೆ ಅಂತ ನನಗೆ ಹೇಗೆ ತಿಳಿಯಿತು ಅನ್ನುವುದನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಿಮ್ಮಲ್ಲಿ ಬಹಳ ಜನಕ್ಕೆ ಹೀಗೇ ತಿಳಿಯಲಿದೆ.

ಶಾಲೆಯಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಶುರುವಾದದ್ದು 2013ರಲ್ಲಿ. ಅದಾದ ಮರುವರ್ಷ ಇರಬೇಕು. ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ಹಿಂದಿನ ಸಾಲಿನಿಂದ ಎದ್ದು ಏನೋ ಅಂದಳು. ‘ಹಾಲು’ ಅಂದ ಹಾಗೆ ಕೇಳಿಸಿತು. ‘ಬರುತ್ತೆ ಕೂತ್ಕೋಮ್ಮ, ಎಲ್ಲರಿಗೂ ಕೊಡ್ತಾರೆ’ ಅಂದೆ. ಕ್ಲಾಸೆಲ್ಲ ನಕ್ಕಿತು. ಅವಳು ಕೂತಳು. ಸಂಜೆ ಅವಳಮ್ಮ ಬಂದು ಕೇಳಿದಾಗ ಗೊತ್ತಾಯಿತು, ಮಗು ಅಂದಿದ್ದು ‘ಕಾಲು’. ಬೆಳಗಿನ ಆಟದಲ್ಲಿ ಪಾದ ಉಳುಕಿ ಊದಿಕೊಂಡಿತ್ತು. ದಿನವಿಡೀ ನೋವು ತಡೆದುಕೊಂಡು ಕೂತು ಕುಂಟುತ್ತಾ ಮನೆಗೆ ಹೋಗಿತ್ತು.

ಆ ವಾರವೇ ಕಿವಿ ಪರೀಕ್ಷೆಗೆ ಹೋದೆ. ಸದ್ದು ಹೊಗದ ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕುಂಯ್ ಅಂದಾಗಲೆಲ್ಲ ಗುಂಡಿ ಒತ್ತಿ ಅಂದರು. ಅರ್ಧ ಗಂಟೆ ಆದಮೇಲೆ ಪರೀಕ್ಷೆ ಮಾಡಿದ ಹೆಣ್ಣುಮಗಳು ಹೊರಗೆ ಬಂದು, ಕಾಗದದ ಮೇಲಿನ ಗೆರೆಯನ್ನೊಮ್ಮೆ ನೋಡಿ, ‘ಸರ್, ನೀವು ಯಾವ ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ರಿ?’ ಅಂದಳು. ನಾನು ಮೇಷ್ಟ್ರು ಅಂದೆ. ‘ಅದಕ್ಕೂ ಮುಂಚೆ?’ ಅಂದಳು.

ಮಗ್ಗ ಬಿಟ್ಟು ಮೂವತ್ತು ವರ್ಷವಾಗುತ್ತಾ ಬಂದಿದ್ದರೂ ಮಗ್ಗ ಆ ಕಾಗದದಲ್ಲಿ ಕೂತಿತ್ತು. ಗೆರೆ ನೆಟ್ಟಗೆ ಬಂದು, 4000 ಹರ್ಟ್ಸ್ ಅಂತ ಬರೆದಿದ್ದ ಕಡೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದು, ಮುಂದೆ ಸ್ವಲ್ಪ ಮೇಲೆದ್ದಿತ್ತು. ವಯಸ್ಸಿನ ಕಿವುಡಾದರೆ ಗೆರೆ ಇಳಿಜಾರಿನಂತೆ ಇಳಿಯುತ್ತಾ ಹೋಗುತ್ತದಂತೆ. ಹೀಗೆ ಒಂದು ಕಡೆ ಗುಂಡಿ ಬಿದ್ದರೆ ಅದು ಸಾಮಾನ್ಯವಾಗಿ ಗದ್ದಲದ ಗುರುತು. ನನ್ನದರಲ್ಲಿ ಎರಡೂ ಇದ್ದವು: ಹಳೇ ಗುಂಡಿ, ಅದರ ಮೇಲೆ ಹೊಸ ಇಳಿಜಾರು.

ಕಿವಿಯೊಳಗೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ಪುಟ್ಟ ಅಂಗವಿದೆ. ಅದರಲ್ಲಿ ಸುಮಾರು 15,000 ಕೂದಲು ಕೋಶಗಳು ಸಾಲಾಗಿ ನಿಂತಿವೆ. ಹಾಸಿನ ಎಳೆಗಳಂತೆ ಅಂದುಕೊಳ್ಳಿ. ಸದ್ದು ಬಂದಾಗ ಅವು ಬಾಗುತ್ತವೆ, ಬಾಗಿದ ಸುದ್ದಿ ನರದಲ್ಲಿ ಮಿದುಳಿಗೆ ಹೋಗುತ್ತದೆ. ಜೋರು ಸದ್ದು ಹೊತ್ತುಗಟ್ಟಲೆ ಬಿದ್ದರೆ ಅವು ದಣಿದು ಒರಗುತ್ತವೆ, ವಿಶ್ರಾಂತಿ ಸಿಕ್ಕರೆ ಮತ್ತೆ ಏಳುತ್ತವೆ. ಸಂಜೆ ಮಗ್ಗ ನಿಲ್ಲಿಸಿ ಹೊರಗೆ ಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗೆ ಆಗುತ್ತದಲ್ಲ, ಗುಂಯ್ ಅನ್ನುತ್ತದಲ್ಲ, ಅದು ಅವು ಒರಗಿರುವ ಹೊತ್ತು. ಬೆಳಗ್ಗೆ ಸರಿಹೋಗುತ್ತದೆ ಅಂತ ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದಿನಾ ಒರಗಿ ದಿನಾ ಎದ್ದು, ಒಂದು ದಿನ ಕೆಲವು ಏಳುವುದೇ ಇಲ್ಲ. ಹಾಸಿನಲ್ಲಿ ಎಳೆ ತುಂಡಾದರೆ ಬಗ್ಗಿ ಹುಡುಕಿ ಗಂಟು ಹಾಕುತ್ತೇವೆ. ಈ ಎಳೆಗೆ ಗಂಟು ಹಾಕುವವರು ಇನ್ನೂ ಹುಟ್ಟಿಲ್ಲ. ಕೋಳಿಯ ಕಿವಿಯಲ್ಲಿ ಸತ್ತ ಕೂದಲು ಕೋಶ ಮತ್ತೆ ಚಿಗುರುತ್ತದಂತೆ. ಮನುಷ್ಯನಿಗೆ ಆ ಭಾಗ್ಯ ಇಲ್ಲ.

ಮೊದಲು ಸಾಯುವುದು ಸುರುಳಿಯ ಬಾಗಿಲ ಬಳಿ ಇರುವವು, ಅಂದರೆ ತೀಕ್ಷ್ಣ ಸ್ವರಗಳನ್ನು ಹಿಡಿಯುವವು. ಅದರಿಂದಲೇ ಈ ಕಿವುಡು ಇಷ್ಟು ಮೋಸದ್ದು. ‘ಆ’ ‘ಊ’ ‘ಓ’ ಚೆನ್ನಾಗಿ ಕೇಳಿಸುತ್ತವೆ. ‘ಸ’ ‘ಶ’ ‘ತ’ ‘ಕ’ ‘ಹ’ ಉದುರಿಹೋಗುತ್ತವೆ. ಹಾಲು, ಕಾಲು, ಸಾಲು, ಪಾಲು ಎಲ್ಲವೂ ‘ಆಲು’ ಆಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತದೆ, ಏನು ಅನ್ನುವುದು ಗೊತ್ತಾಗುವುದಿಲ್ಲ. ಆದ್ದರಿಂದ ‘ನನಗೆ ಕಿವಿ ಚೆನ್ನಾಗಿ ಕೇಳಿಸುತ್ತೆ, ನೀವೇ ಗೊಣಗ್ತೀರ’ ಅನ್ನುತ್ತೇವೆ. ನಮ್ಮಪ್ಪ ಇದನ್ನೇ ಹತ್ತು ವರ್ಷ ಅಮ್ಮನಿಗೆ ಹೇಳಿದರು.

ಅಪ್ಪನನ್ನು ನಲವತ್ತಾರನೇ ವಯಸ್ಸಿಗೆ ಒಬ್ಬ ವೈದ್ಯರಿಗೆ ತೋರಿಸಿದ್ದೆವು. ಅವರು ಟಾರ್ಚು ಬಿಟ್ಟು ನೋಡಿ, ಗುಗ್ಗೆ ತೆಗೆದು, ‘ವಯಸ್ಸಾಯ್ತಲ್ಲಪ್ಪ’ ಅಂದು ಕಳಿಸಿದರು. ನಲವತ್ತಾರು! ಏನು ಕೆಲಸ ಮಾಡ್ತೀರಿ ಅಂತ ಕೇಳಲೇ ಇಲ್ಲ. ಮನೆಗೆ ಬಂದ ಮೇಲೆ ಅಜ್ಜಿ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಟ್ಟಳು. ಕಿವಿತಮಟೆ ತೂತಾಗಿದ್ದರೆ ಆ ಎಣ್ಣೆ ಒಳಗಿಳಿದು ಇನ್ನೊಂದು ರೋಗ ತರುತ್ತಿತ್ತು. ದೇವರ ದಯೆ, ಹಾಗಾಗಲಿಲ್ಲ. ಕಿವಿಗೆ ಎಣ್ಣೆ, ಹೇರ್‌ಪಿನ್ನು, ಬೆಂಕಿಕಡ್ಡಿ ಯಾವುದೂ ಬೇಡ ಅಂತ ಇಲ್ಲೇ ಹೇಳಿ ಮುಂದೆ ಹೋಗುತ್ತೇನೆ.

ಈಗ ಲೆಕ್ಕ. ನಾವು ನೇಕಾರರು, ಲೆಕ್ಕ ಬಲ್ಲವರು. ಲಾಳಿ ಹೊಡೆಯುವ ನಮ್ಮ ಮಗ್ಗಗಳ ನಡುವೆ ನಿಂತರೆ ಸದ್ದು 95ರಿಂದ 105 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದಾದ ಮಿತಿ 85 ಎಂದು ಬಲ್ಲವರು ಇಟ್ಟುಕೊಂಡಿದ್ದಾರೆ. 85ಕ್ಕೂ 100ಕ್ಕೂ ಏನು ಮಹಾ ವ್ಯತ್ಯಾಸ, ಹದಿನೈದು ತಾನೇ ಅನ್ನಬೇಡಿ. ಈ ಅಳತೆಯಲ್ಲಿ ಪ್ರತಿ 3ಕ್ಕೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ತಾಳುವ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಬೆಳಗ್ಗೆ ಮಗ್ಗ ಹಾಕಿ ಕಾಫಿ ಬರುವಷ್ಟರಲ್ಲಿ ಇಡೀ ದಿನದ ಪಾಲು ಮುಗಿದಿರುತ್ತದೆ. ಮಿಕ್ಕ ಒಂಬತ್ತು ಹತ್ತು ಗಂಟೆ ನಾವು ದುಡಿಯುವುದು ಸಾಲದಲ್ಲಿ. ಲಾಳಿ ನಿಮಿಷಕ್ಕೆ ನೂರು ಸಲ ಹೊಡೆದರೂ ಹತ್ತು ಗಂಟೆಗೆ ಒಂದು ಮಗ್ಗದಿಂದ 60,000 ಏಟು. ನಾಲ್ಕು ಮಗ್ಗ ಇದ್ದವರು ಗುಣಿಸಿಕೊಳ್ಳಿ.

ಅಳೆಯಲು ಯಂತ್ರ ಬೇಕಿಲ್ಲ. ತೋಳು ಚಾಚಿದಷ್ಟು ದೂರ ನಿಂತವರಿಗೆ ದನಿ ಏರಿಸದೆ ಮಾತು ಕೇಳಿಸುವುದಿಲ್ಲ ಅಂದರೆ ಸದ್ದು 85 ದಾಟಿರಬಹುದು. ನಮ್ಮ ಮಗ್ಗದ ಮನೆಯಲ್ಲಿ ದನಿ ಏರಿಸಿದರೂ ಕೇಳಿಸುವುದಿಲ್ಲ. ಕೆಲವರ ಮನೆಮಾತು ತೆಲುಗು, ಬೀದಿಯಲ್ಲಿ ಕನ್ನಡ, ಮಗ್ಗದ ಮುಂದೆ ಎಲ್ಲರದೂ ಕೈಸನ್ನೆ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ, ಸಾಹುಕಾರ ಬಂದರೆ ಮೀಸೆ ತಿರುವುವುದು. ನಾವಷ್ಟೇ ಹೀಗೆ ಅಂದುಕೊಂಡಿದ್ದೆ. ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿ ಗಿರಣಿಗಳ ಹೆಣ್ಣಾಳುಗಳು ತುಟಿಯನ್ನು ಅಗಲಗಲ ಆಡಿಸಿ, ಸದ್ದಿಲ್ಲದೆ ಮಾತಾಡಿಕೊಳ್ಳುತ್ತಿದ್ದರಂತೆ; ಅದಕ್ಕೆ ‘ಮೀ-ಮಾ’ ಅಂತ ಹೆಸರೇ ಇತ್ತು. ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ ಸೆಣಬು ನೇಯುತ್ತಿದ್ದ ಹೆಂಗಸರ ಕಿವಿ ಪರೀಕ್ಷೆ ಮಾಡಿ 1965ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತೀಕ್ಷ್ಣ ಸ್ವರಗಳ ನಷ್ಟ ಹೆಚ್ಚಾಗಿ ಆಗುವುದು ಕೆಲಸಕ್ಕೆ ಸೇರಿದ ಮೊದಲ ಹತ್ತು ಹದಿನೈದು ವರ್ಷಗಳಲ್ಲೇ ಎಂದು ಅದರಲ್ಲಿ ಕಂಡುಬಂತು. ಹರೆಯದವರು ಈ ಸಾಲನ್ನು ಎರಡು ಸಲ ಓದಿ. ‘ಮುದುಕ ಆದಮೇಲೆ ನೋಡ್ಕೊಳ್ಳೋಣ’ ಅನ್ನುವ ಹೊತ್ತಿಗೆ ಕಳೆಯಬೇಕಾದದ್ದು ಕಳೆದಿರುತ್ತದೆ.

ಹಾಗೆ ನೋಡಿದರೆ ಇದು ಯಾರಿಗೂ ಗೊತ್ತಿಲ್ಲದ ಗುಟ್ಟೂ ಅಲ್ಲ. ಇಟಲಿಯ ರಾಮಾಝೀನಿ ಎಂಬ ವೈದ್ಯ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲೇ, ವೆನಿಸ್ಸಿನ ತಾಮ್ರ ಬಡಿಯುವವರು ಕಿವುಡರಾಗುವುದನ್ನು ದಾಖಲಿಸಿದ್ದ. ನಮ್ಮ ಜೇಡರ ದಾಸಿಮಯ್ಯನೂ ನೇಕಾರನೇ. ಆದರೆ ಅವನದು ಪಕ್ಕದವರ ಜೊತೆ ಮಾತಾಡುತ್ತಾ ನೇಯಬಹುದಾದ ಕೈಮಗ್ಗ. ಇವತ್ತಿನ ನಮ್ಮ ಮಗ್ಗದ ಮುಂದೆ ಕೂತಿದ್ದರೆ ವಚನ ಹಾಗಿರಲಿ, ಹೆಂಡತಿ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ.

ಲ್ಯಾಂಕಶೈರಿನವರಿಗೂ ಡಂಡೀಯವರಿಗೂ ಇಲ್ಲದ ಒಂದು ಕಷ್ಟ ನಮಗಿದೆ. ಸೈರನ್ ಕೂಗಿದ ಮೇಲೆ ಅವರು ಗಿರಣಿಯಿಂದ ಮನೆಗೆ ಹೋಗುತ್ತಿದ್ದರು. ನಮಗೆ ಗಿರಣಿಯೂ ಮನೆಯೂ ಒಂದೇ. ನಡುಮನೆಯಲ್ಲಿ ಮಗ್ಗ, ಅದರ ಪಕ್ಕ ಅಡುಗೆ, ಜಂತಿಗೆ ಕಟ್ಟಿದ ಜೋಲಿಯಲ್ಲಿ ಮಗು. ಕಂಡಿಕೆ ಸುತ್ತುವ ಅತ್ತೆ, ಮೂಲೆಯಲ್ಲಿ ಹೋಂವರ್ಕ್ ಬರೆಯುವ ಹುಡುಗ. ಕೂಲಿ ಸಿಗುವುದು ಒಬ್ಬಿಬ್ಬರಿಗೆ, ಏಟು ಬೀಳುವುದು ಎಲ್ಲರಿಗೆ. ಈ ಕಾಗದ ಬರೆಯಲು ಕೂತದ್ದೇ ಇದನ್ನು ಹೇಳಲು. ದುಡಿಯುವವನು ತನ್ನ ಕಿವಿ ಹೋದರೆ ಹೋಗಲಿ ಅನ್ನಬಹುದು. ಜೋಲಿಯಲ್ಲಿರುವುದರ ಪರವಾಗಿ ಹಾಗನ್ನಲು ಅವನಿಗೆ ಹಕ್ಕಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಗಂಡುಮಗು ಹುಟ್ಟಿತ್ತು. ಮಗ್ಗ ಎಷ್ಟು ಬಡಿದರೂ ಬೆಚ್ಚದೆ ಮಲಗುತ್ತಿತ್ತು. ‘ಮಗ್ಗದ ಮನೆ ಮಗು ಕಣ್ರೀ, ಹೊಟ್ಟೇಲೇ ಅಭ್ಯಾಸ ಆಗಿದೆ’ ಅಂತ ಮನೆಯವರೆಲ್ಲ ಹೆಮ್ಮೆಪಟ್ಟರು. ನಾನೂ ಹೌದೌದು ಅಂದೆ. ಮಾತು ಬರಲಿಲ್ಲ, ಗಂಡುಮಕ್ಕಳು ಮಾತು ತಡ ಅಂದರು. ನಾಲ್ಕು ತುಂಬಿದ ಮೇಲೆ ಪರೀಕ್ಷೆ ಮಾಡಿಸಿದರೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಬೇರೆ ಊರಿನಲ್ಲಾದರೆ ತಟ್ಟೆ ಬಿದ್ದಾಗ ಬೆಚ್ಚದ ಮಗುವನ್ನು ನೋಡಿ ತಾಯಿಗೆ ಅನುಮಾನ ಬರುತ್ತಿತ್ತು. ನಮ್ಮೂರಲ್ಲಿ ತಟ್ಟೆ ಬಿದ್ದದ್ದು ತಾಯಿಗೇ ಕೇಳಿಸುವುದಿಲ್ಲವಲ್ಲ! ಮಾತು ಕಲಿಯುವ ಮಿದುಳಿನ ಬಾಗಿಲು ಅಗಲವಾಗಿ ತೆರೆದಿರುವುದು ಮೊದಲ ಕೆಲವು ವರ್ಷ ಮಾತ್ರ. ಯಂತ್ರವಾಗಲಿ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಾಗಲಿ, ಬೇಗ ಆದಷ್ಟೂ ಫಲ ಹೆಚ್ಚು. ಹೆರಿಗೆಯಾದ ಆಸ್ಪತ್ರೆಯಲ್ಲೇ ಮಗುವಿನ ಕಿವಿ ಪರೀಕ್ಷೆ ಆಗುತ್ತದಾ ಅಂತ ಕೇಳಿ. ಮಲಗಿರುವ ಕೂಸಿನ ಕಿವಿಗೆ ಸಣ್ಣದೊಂದು ತುದಿ ಇಟ್ಟು ನೋಡುತ್ತಾರೆ, ನೋವಿಲ್ಲ.

ಹುಟ್ಟುಗಿವುಡಿಗೆ ಸಾಮಾನ್ಯವಾಗಿ ಮಗ್ಗ ಕಾರಣವಲ್ಲ, ಕಾರಣಗಳು ಬೇರೆ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಮಗನಿಗೆ ಕೊಡುವುದು ಇನ್ನೂ ನಿಂತಿಲ್ಲ. ಹತ್ತಿರದ ಸಂಬಂಧದಲ್ಲಿ ಈ ದೋಷ ಹಾಯುವ ಸಂಭವ ಹೆಚ್ಚು. ಬಸುರಿಗೆ ರುಬೆಲ್ಲ ತಗುಲಿದರೆ ಹೊಟ್ಟೆಯ ಮಗುವಿನ ಕಿವಿ ಹೋಗಬಹುದು. ದಡಾರ-ರುಬೆಲ್ಲ ಲಸಿಕೆಯ ಅಭಿಯಾನ ದೇಶದಲ್ಲಿ ಮೊದಲು ನಡೆದ ರಾಜ್ಯಗಳಲ್ಲಿ ನಮ್ಮದೂ ಒಂದು, 2017ರಲ್ಲಿ. ಆಗ ಶಾಲೆಯಲ್ಲಿ ಸೂಜಿಗೆ ಹೆದರಿ ಓಡಿದ ಮಕ್ಕಳನ್ನು ಹಿಡಿದು ತಂದವರಲ್ಲಿ ನಾನೂ ಒಬ್ಬ, ಅದಕ್ಕೆ ಪಶ್ಚಾತ್ತಾಪವಿಲ್ಲ. ಮಕ್ಕಳ ಕಿವಿ ಸೋರುತ್ತಿದ್ದರೆ ‘ನೆಗಡಿ, ಹೋಗುತ್ತೆ’ ಅಂತ ವರ್ಷಗಟ್ಟಲೆ ಬಿಡಬೇಡಿ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಜಾತಿಯ ಚುಚ್ಚುಮದ್ದು ಕೊಟ್ಟಾಗ ಕಿವಿ ಗುಂಯ್ ಅಂದರೆ ಕೂಡಲೇ ವೈದ್ಯರಿಗೆ ಹೇಳಿ.

ಹುಡುಗರಿಗೆ ಒಂದು ಮಾತು. ನೀವು ಮಗ್ಗದ ಮುಂದೆ ಇಯರ್‌ಫೋನ್ ಹಾಕಿಕೊಂಡು ಹಾಡು ಕೇಳುತ್ತೀರಿ. ‘ಮೇಷ್ಟ್ರೇ, ಮಗ್ಗದ ಸದ್ದು ಕೇಳಿಸ್ಬಾರ್ದು ಅಂತಾನೇ ಹಾಕ್ಕೊಳ್ಳೋದು’ ಅಂತ ಒಬ್ಬ ನನಗೆ ಬುದ್ಧಿ ಹೇಳಿದ. ಮಗ್ಗದ ಸದ್ದು ಮುಳುಗಬೇಕಾದರೆ ಹಾಡು ಅದಕ್ಕಿಂತ ಜೋರಿರಬೇಕಲ್ಲಪ್ಪ! ಬೆಂಕಿ ಬಿದ್ದ ಮನೆಗೆ ಸೀಮೆಎಣ್ಣೆ ಎರಚಿ, ಬೆಂಕಿ ಕಾಣಿಸ್ತಾ ಇಲ್ಲ ಹೊಗೆ ಮಾತ್ರ ಅಂದ ಹಾಗಾಯಿತು. ಗಣೇಶನ ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಪಕ್ಕದಲ್ಲೇ ಕುಣಿಯುವುದೂ ಇದೇ ಖಾತೆಗೆ ಜಮೆ.

ಹಾಗಾದರೆ ಏನು ಮಾಡೋದು, ಮಗ್ಗ ಮಾರೋದಾ ಅಂತ ಕೇಳುತ್ತೀರಿ. ಬೇಡ. ಔಷಧಿ ಅಂಗಡಿಯಲ್ಲೋ ಹಾರ್ಡ್‌ವೇರ್ ಅಂಗಡಿಯಲ್ಲೋ ಕಿವಿಗೆ ಹಾಕುವ ಫೋಮ್ ಪ್ಲಗ್ಗು ಸಿಗುತ್ತದೆ. ಒಂದು ಜೊತೆಗೆ ಕಾಫಿ ದುಡ್ಡು. ಹಾಕುವುದಕ್ಕೆ ಒಂದು ರೀತಿ ಇದೆ: ಬತ್ತಿ ಹೊಸೆಯುವ ಹಾಗೆ ಬೆರಳಲ್ಲಿ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗೆ ತೂರಿಸಿ, ಉಬ್ಬಿ ತುಂಬಿಕೊಳ್ಳುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಹೊರಗೆ ನೇತಾಡುತ್ತಿದ್ದರೆ ಅದು ಓಲೆ, ಪ್ಲಗ್ಗಲ್ಲ. ಅಂಗಡಿಯ ಹತ್ತಿ ಉಂಡೆಯಿಂದ ಉಪಯೋಗವಿಲ್ಲ.

ಮಧ್ಯೆ ತೆಗೆಯಬೇಡಿ. ಬೀಡಿಗೆ, ಫೋನಿಗೆ, ಬೆವರಿಗೆ ಅಂತ 8 ಗಂಟೆಯಲ್ಲಿ ಮಗ್ಗದ ಮುಂದೆ ಅರ್ಧ ಗಂಟೆ ತೆಗೆದಿಟ್ಟರೂ, 30 ಡೆಸಿಬೆಲ್ ತಡೆಯುವ ಪ್ಲಗ್ಗಿನ ದಿನದ ಫಲ 12ಕ್ಕೆ ಇಳಿಯುತ್ತದೆ. ಫೋನ್ ಬಂದರೆ ಬೀದಿಗೆ ಹೋಗಿ ಮಾತಾಡಿ. ಹೇಗೂ ಒಳಗೆ ಏನೂ ಕೇಳಿಸುವುದಿಲ್ಲ.

‘ಮಗ್ಗದ ಸದ್ದು ಕೇಳದೆ ನೇಯೋದು ಹೇಗೆ?’ ಈ ಪ್ರಶ್ನೆ ಸುಳ್ಳು ನೆವ ಅಲ್ಲ, ನಾನೂ ಬಲ್ಲೆ. ಎಳೆ ತುಂಡಾದದ್ದು, ಲಾಳಿ ಪೆಟ್ಟಿಗೆ ಸಡಿಲವಾದದ್ದು, ಜಕಾರ್ಡಿನ ಕೊಂಡಿ ತಪ್ಪಿದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ನಾಲ್ಕು ಮಗ್ಗ ನೋಡಿಕೊಳ್ಳುವವನು ಬೆನ್ನ ಹಿಂದಿನ ಮಗ್ಗವನ್ನು ಕಿವಿಯಲ್ಲೇ ಕಾಯುತ್ತಾನೆ. ಪ್ಲಗ್ಗು ಹಾಕಿದರೆ ಸದ್ದು ಸಾಯುವುದಿಲ್ಲ, ದೂರ ಸರಿಯುತ್ತದೆ. ಮೊದಲ ವಾರ ಅನ್ಯರ ಮನೆಯ ಮಗ್ಗದಂತೆ ಅನ್ನಿಸುತ್ತದೆ, ಆಮೇಲೆ ಲಯ ಸಿಗುತ್ತದೆ. ಯೋಚಿಸಿ ನೋಡಿ: ಎಳೆ ತುಂಡಾದ ಸಣ್ಣ ಸದ್ದು ಹಿಡಿಯಲು ಬೇಕಾದ ಕಿವಿಯೇ ಮೊದಲು ಹೋಗುವುದು. ಕೊನೆಕೊನೆಗೆ ನಮ್ಮಪ್ಪನ ಸೀರೆಗಳಲ್ಲಿ ದೋಷ ಹೆಚ್ಚಾಯಿತು ಅಂತ ಸಾಹುಕಾರ ಕೂಲಿ ಹಿಡಿದ; ಆ ದೋಷ ಕಣ್ಣಿನಿಂದ ಬಂದದ್ದಲ್ಲ.

ಮಗ್ಗದ ಯಜಮಾನರಿಗೆ: ನಿಮ್ಮ ಕೈಯಲ್ಲಿ ಇನ್ನೂ ಹೆಚ್ಚಿದೆ. ಸವೆದ ಭಾಗ ಬದಲಿಸಿ, ಎಣ್ಣೆ ಬಿಡಿಸಿ, ಕಾಲಡಿಗೆ ರಬ್ಬರ್ ಹಾಕಿಸಿದರೆ ಅದುರು ಕಡಿಮೆಯಾಗುತ್ತದೆ. ತಗಡಿನ ಮಾಡು, ಬೋಳು ಗೋಡೆ ಸದ್ದನ್ನು ಒಳಗೇ ಚೆಂಡಾಡುತ್ತವೆ. ಒಂದರ ಪಕ್ಕ ಅಂಥದೇ ಇನ್ನೊಂದು ಮಗ್ಗ ಹಾಕಿದರೆ 3 ಡೆಸಿಬೆಲ್ ಏರುತ್ತದೆ ಅನ್ನುವುದನ್ನು ಜಾಗ ಅಳೆಯುವಾಗ ನೆನೆಯಿರಿ. ಲಾಳಿಯಿಲ್ಲದ ಮಗ್ಗಗಳಲ್ಲಿ ಆ ಬಡಿತವೇ ಇಲ್ಲ. ಆದರೆ ಅವುಗಳ ಬೆಲೆ ಕೇಳಿದರೆ ಬೇರೆ ತರಹದ ಕಿವುಡು ಬರುತ್ತದೆ, ನನಗೂ ಗೊತ್ತು. ಏನೂ ಆಗದಿದ್ದರೆ ಮಗ್ಗಕ್ಕೂ ಮಕ್ಕಳು ಮಲಗುವ ಜಾಗಕ್ಕೂ ನಡುವೆ ಒಂದು ಇಟ್ಟಿಗೆ ಗೋಡೆ, ಒಂದು ಬಾಗಿಲು.

ಕಾನೂನು ಕೇಳುತ್ತೀರಾದರೆ, ಕಾರ್ಖಾನೆಗಳಿಗೆ ಅನ್ವಯಿಸುವ ರೋಗಪಟ್ಟಿಯಲ್ಲಿ ಸೀಸದ ವಿಷ, ಸಿಲಿಕೋಸಿಸ್ ಕೂತ ಸಾಲಿನಲ್ಲೇ ಗದ್ದಲದ ಕಿವುಡನ್ನೂ ಕೂರಿಸಿದ್ದಾರೆ. ಆದರೆ ಗಂಡ, ಹೆಂಡತಿ, ಒಬ್ಬ ಕೂಲಿಯವನು ಇರುವ ನಮ್ಮಂಥ ಮನೆ ಆ ಕಣ್ಣಿಗೆ ಕಾರ್ಖಾನೆಯೇ ಅಲ್ಲ. ನೇಕಾರರ ಸಂಘಗಳು ನೂಲಿನ ಬೆಲೆಗೆ, ಕರೆಂಟು ಬಿಲ್ಲಿಗೆ ರಸ್ತೆಗಿಳಿದದ್ದನ್ನು ಕಂಡಿದ್ದೇನೆ, ನಾನೂ ಕೂಗಿದ್ದೇನೆ. ವರ್ಷಕ್ಕೊಮ್ಮೆ ಮಗ್ಗದ ಮನೆಗಳಲ್ಲಿ ಕಿವಿ ಪರೀಕ್ಷೆ ಆಗಲಿ ಅಂತ ಒಂದು ಮನವಿಯನ್ನೂ ನಾವು ಕೊಟ್ಟಿಲ್ಲ.

ಈಗಾಗಲೇ ಕಳೆದುಕೊಂಡವರು ಸುಮ್ಮನೆ ಕೂರಬೇಡಿ. ಜಿಲ್ಲಾ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗಕ್ಕೆ ಹೋಗಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ದೇಶದ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ. ಕಡಿಮೆ ಆದಾಯದವರಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಯಂತ್ರ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾಗಿದ್ದರೆ ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ಯಂತ್ರ ಕನ್ನಡಕದಂತಲ್ಲ, ಹಾಕಿದ ಕೂಡಲೇ ಎಲ್ಲ ಸ್ಪಷ್ಟವಾಗುವುದಿಲ್ಲ. ಮೊದಲ ತಿಂಗಳು ಚಮಚ ತಟ್ಟೆಗೆ ತಾಗಿದ್ದೂ ಸಿಡಿಲಿನಂತೆ ಕೇಳಿಸಿ ನಾನು ಅದನ್ನು ಕಪಾಟಿನಲ್ಲಿ ಬಿಸಾಕಿದ್ದೆ. ಮೊಮ್ಮಗಳು ಹುಡುಕಿ ತಂದು ಹಾಕಿದಳು.

ನಮ್ಮಪ್ಪನಿಗೆ ಯಂತ್ರ ಸಿಗಲಿಲ್ಲ. ಮದುವೆ ಮನೆಯಲ್ಲಿ ನಾಲ್ಕು ಜನ ನಕ್ಕರೆ ತಾವೂ ನಗುತ್ತಿದ್ದರು, ಒಂದು ಗಳಿಗೆ ತಡವಾಗಿ. ಆಮೇಲೆ ಮದುವೆಗಳಿಗೆ ಹೋಗುವುದನ್ನೇ ಬಿಟ್ಟರು. ‘ಕಿವುಡಪ್ಪ’ ಅಂತ ಬೀದಿಯ ಹುಡುಗರು ಕರೆಯುತ್ತಿದ್ದರು. ಅದಂತೂ ಅವರಿಗೆ ಕೇಳಿಸಲಿಲ್ಲ ಅಂದುಕೊಂಡಿದ್ದೇನೆ.

ಶ್ರಾವಣ ಹುಟ್ಟುವ ಮುಂಚೆ ಒಂದು ಭಾನುವಾರ ನೂರು ಜೊತೆ ಪ್ಲಗ್ಗು ತಂದು ನಮ್ಮ ಮನೆಯ ಜಗುಲಿಯ ಮೇಲೆ ಕೂರುತ್ತೇನೆ. ಹಾಕುವುದು ಹೇಗೆ ಅಂತ ತೋರಿಸುತ್ತೇನೆ, ದುಡ್ಡು ಬೇಡ. ಮಕ್ಕಳನ್ನೂ ಕರೆತನ್ನಿ. ಬಂದಾಗ ಬೆನ್ನ ಹಿಂದಿನಿಂದ ಕೂಗಬೇಡಿ, ಕೂಗಿದರೆ ಅಕ್ಷರ ಇನ್ನೂ ಒಡೆಯುತ್ತದೆ. ಎದುರಿಗೆ ಬಂದು, ಬೆಳಕಿನಲ್ಲಿ ನಿಂತು, ಎಲೆಅಡಿಕೆ ಉಗಿದು, ನಿಧಾನವಾಗಿ ಮಾತಾಡಿ. ಅರ್ಧ ನಿಮ್ಮ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತೇನೆ. ಆ ವಿದ್ಯೆ ಮಗ್ಗದ ಮುಂದೆಯೇ ಕಲಿತದ್ದು.

ನಿಮ್ಮವನೇ ಆದ,
ಒಬ್ಬ ಹಳೇ ನೇಕಾರ, ಹಳೇ ಮೇಷ್ಟ್ರು